ಫಸ್ಟ್ ಬೇಸ್‌ನಲ್ಲಿ ನಿಲ್ಲೋರ್ಯಾರು?

ಬೇಸ್‌ಬಾಲ್ ಋತು ಹೆಚ್ಚುಕಡಿಮೆ ನಮ್ಮ ಯುಗಾದಿಯ ಜೊತೆ ಶುರುವಾಗಿ ಕನ್ನಡ ರಾಜ್ಯೋತ್ಸವದ ಹೊತ್ತಿಗೆ ಮುಗಿಯುತ್ತದೆ. ಹಾಗಾಗಿ ಕೂಟದ ಈ ಎರಡು ದೊಡ್ಡ ಕಾರ್ಯಕ್ರಮಗಳ ನಡುವೆ ಬರುವ ಪಿಕ್‌ನಿಕ್ಕು, ಸತ್ಯನಾರಾಯಣ ಪೂಜೆ, ಮಕ್ಕಳ ಹುಟ್ಟುಹಬ್ಬಗಳಲ್ಲೆಲ್ಲ ಒಂದು ಮೂಲೆಯಲ್ಲಿ ಜೈಂಟ್ಸ್ ಮಾತು ನಡೆದೇ ಇರುತ್ತದೆ. ಮೊದಲೆಲ್ಲ ಆ ಮೂಲೆ ಮಕ್ಕಳದ್ದು. ಅಪ್ಪಂದಿರದ್ದು ಇನ್ನೊಂದು ಮೂಲೆ, ಅಲ್ಲಿ ಆರ್‌ಸಿಬಿ, ದ್ರಾವಿಡ್, ಕುಂಬ್ಳೆ. ಈಗ ಹಾಗಿಲ್ಲ. ಲಿಟಲ್ ಲೀಗ್‌ಗೆ ಮಗನನ್ನು ಕಾರಲ್ಲಿ ಬಿಟ್ಟು ಕರೆತಂದು ಬಿಟ್ಟು ಕರೆತಂದು ಅಪ್ಪನಿಗೂ ಆಟದ ರುಚಿ ಹತ್ತಿದೆ. ಅಮ್ಮಂದಿರಂತೂ ಸ್ಕೋರ್ ಪುಸ್ತಕ ಬರೆಯುವುದರಲ್ಲಿ ಎಷ್ಟೋ ಅಪ್ಪಂದಿರಿಗಿಂತ ಮುಂದೆ!

ಆದರೆ ಒಂದು ವಿಷಯ ಗಮನಿಸಿದ್ದೀರಾ? ಅಭಿಮಾನಿಗಳ ಜಗಳ ಆಟದ ಬಗ್ಗೆ ಆಗುವುದು ಕಡಿಮೆ. ಯಾರನ್ನು ಕೊಟ್ಟು ಯಾರನ್ನು ತಂದರು, ಯಾರು ಯಾವ ಜಾಗದಲ್ಲಿ ನಿಲ್ಲಬೇಕು, ಹೊಸ ಹುಡುಗರ ಮೇಲೆ ಎಷ್ಟು ದುಡ್ಡು ಸುರಿಯಬಹುದು... ವಾದವೆಲ್ಲ ಇವೇ ಮೂರರ ಸುತ್ತ. ಕ್ರಿಕೆಟ್ ನೋಡಿ ಬೆಳೆದ ನಮ್ಮಂಥವರಿಗೆ ಈ ಮೂರೂ ಮೊದಲಿಗೆ ಕಬ್ಬಿಣದ ಕಡಲೆ. ಅದೃಷ್ಟಕ್ಕೆ ನಮ್ಮ ಊರಿನ ತಂಡವೇ 2025ರಲ್ಲಿ ಒಂದು ವ್ಯವಹಾರ ಮಾಡಿತು. ಮೂರು ಜಗಳಗಳೂ ಅದೊಂದರಲ್ಲೇ ಸೇರಿಕೊಂಡಿದ್ದವು.

ಆ ದಿನ ಜೂನ್ 15, ಭಾನುವಾರ, ಫಾದರ್ಸ್ ಡೇ. ಜೈಂಟ್ಸ್ ತಂಡ ಲಾಸ್ ಏಂಜಲೀಸ್‌ನಲ್ಲಿ, ಬದ್ಧವೈರಿ ಡಾಡ್ಜರ್ಸ್ ಎದುರು ಆಡುವುದಿತ್ತು. ಅಂದು ಪಿಚ್ ಮಾಡಬೇಕಿದ್ದವನು ಕೈಲ್ ಹ್ಯಾರಿಸನ್. ಈ ಹುಡುಗ ಅಪ್ಪಟ ಬೇ ಏರಿಯಾದವನು. ಹುಟ್ಟಿದ್ದು ಸ್ಯಾನ್ ಹೋಸೆ, ಓದಿದ್ದು ಕಾನ್‌ಕಾರ್ಡ್‌ನ ಡೆ ಲಾ ಸಾಲ್ ಹೈಸ್ಕೂಲಿನಲ್ಲಿ. ಅಂದರೆ ಸ್ಯಾನ್ ರಮೋನ್, ಡ್ಯಾನ್‌ವಿಲ್ ಕಡೆಯ ನಮ್ಮ ಮಕ್ಕಳು ಬಾಲ್ ಎಸೆದ ಮೈದಾನಗಳ ಆಸುಪಾಸಿನವನೇ. ಆಟ ಶುರುವಾಗಲು ಇನ್ನು ಸ್ವಲ್ಪವೇ ಹೊತ್ತಿದೆ ಎನ್ನುವಾಗ ಅವನನ್ನು ಹಿಂದಕ್ಕೆ ಕರೆದರು. ನೀನು ಈಗ ಈ ತಂಡದವನಲ್ಲ, ಬಾಸ್ಟನ್ ರೆಡ್ ಸಾಕ್ಸ್‌ನವನು, ಅಂತ! ಅವನ ಜೊತೆ ಜೋರ್ಡನ್ ಹಿಕ್ಸ್ ಎಂಬ ಪಿಚರ್, ಹಿಂದಿನ ವರ್ಷವಷ್ಟೇ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಆರಿಸಿಕೊಂಡಿದ್ದ ಜೇಮ್ಸ್ ಟಿಬ್ಸ್, ಹೋಸೆ ಬೆಯೊ ಎಂಬ ಇನ್ನೊಬ್ಬ ಎಳೆಯ ಪಿಚರ್. ಈ ನಾಲ್ವರಿಗೆ ಬದಲಾಗಿ ಬಂದವನು ಒಬ್ಬನೇ, ರಫಾಯೆಲ್ ಡೆವರ್ಸ್. ಅವನೂ ಅದೇ ಮಧ್ಯಾಹ್ನ ಬಾಸ್ಟನ್ನಿನಲ್ಲಿ ಯಾಂಕೀಸ್ ವಿರುದ್ಧ ಹೋಮ್ ರನ್ ಹೊಡೆದು ಗೆದ್ದು ಬಂದಿದ್ದ.

ಇದೇ ಟ್ರೇಡ್. ನಮ್ಮ ಐಪಿಎಲ್‌ನಲ್ಲಿಯೂ ಆಗುತ್ತದೆ. ಕೊಡಗಿನ ಹುಡುಗ ರಾಬಿನ್ ಉತ್ತಪ್ಪ 2009ರಲ್ಲಿ ಮುಂಬೈ ಬಿಟ್ಟು ಬೆಂಗಳೂರಿಗೆ ಬಂದದ್ದು ಜಹೀರ್ ಖಾನ್‌ಗೆ ಬದಲಾಗಿ. ಆದರೆ ಅದು ಎರಡು ತಿಂಗಳ ಜಾತ್ರೆ. ಇಲ್ಲಿ ಹಾಗಲ್ಲ, ವರ್ಷದ ಎಂಟು ತಿಂಗಳ ಸಂಸಾರ. ಮನೆ, ಹೆಂಡತಿ, ಮಕ್ಕಳ ಸ್ಕೂಲು ಎಲ್ಲ ಒಂದು ಫೋನ್ ಕರೆಯಲ್ಲಿ ಮೂರು ಸಾವಿರ ಮೈಲಿ ಆಚೆಗೆ. ಕೇಳುವುದು ಗೀಳುವುದು ಏನೂ ಇಲ್ಲ. ಮೇಜರ್ ಲೀಗ್‌ನಲ್ಲಿ ಹತ್ತು ವರ್ಷ ಆಡಿ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದವನಿಗೆ ಮಾತ್ರ 'ನಾನು ಹೋಗುವುದಿಲ್ಲ' ಎನ್ನುವ ಹಕ್ಕು. ಇಲ್ಲವೇ ತನ್ನ ಕರಾರಿನಲ್ಲಿಯೇ ಅದನ್ನು ಬರೆಸಿಕೊಂಡಿರಬೇಕು. ಎಚ್-1ಬಿಯಲ್ಲಿ ಬಂದು ಕಂಪನಿಯವರು ಹೇಳಿದ ಊರಿಗೆ ಪೆಟ್ಟಿಗೆ ಕಟ್ಟಿದ ಹಳಬರಿಗೆ ಈ ಸಂಕಟ ವಿವರಿಸಬೇಕಾಗಿಲ್ಲ. (ಸಂಬಳದ ಪಕ್ಕದ ಸೊನ್ನೆಗಳಲ್ಲಿ ಮಾತ್ರ ಸ್ವಲ್ಪ ವ್ಯತ್ಯಾಸ!)

ಡೆವರ್ಸ್ ಜೊತೆಗೆ ಅವನ ಕರಾರೂ ಬಂತು. 2023ರ ಜನವರಿಯಲ್ಲಿ ರೆಡ್ ಸಾಕ್ಸ್ ಅವನಿಗೆ ಹತ್ತು ವರ್ಷಕ್ಕೆ 31 ಕೋಟಿ 35 ಲಕ್ಷ ಡಾಲರ್ ಬರೆದುಕೊಟ್ಟಿತ್ತು. 2033ರ ತನಕ ಉಳಿದಿರುವ, 25 ಕೋಟಿ ಮೀರಿದ ಬಾಕಿಯೆಲ್ಲ ಇನ್ನು ಜೈಂಟ್ಸ್ ತಲೆಯ ಮೇಲೆ. ಇಷ್ಟು ಕೊಟ್ಟದ್ದು ಸರಿಯೇ? ಸರಿ ಎನ್ನುವವರ ವಾದಕ್ಕೆ ತೂಕವಿದೆ. 2004ರಲ್ಲಿ ಬ್ಯಾರಿ ಬಾಂಡ್ಸ್ ಹೊಡೆದ ಮೇಲೆ 2024ರ ತನಕ ಒಬ್ಬನೇ ಒಬ್ಬ ಜೈಂಟ್ಸ್ ಆಟಗಾರ ಒಂದು ಋತುವಿನಲ್ಲಿ 30 ಹೋಮ್ ರನ್ ಮುಟ್ಟಿರಲಿಲ್ಲ. ದುಡ್ಡು ಹಿಡಿದು ನಿಂತರೂ ಆರನ್ ಜಡ್ಜ್ 2022ರಲ್ಲಿ ಯಾಂಕೀಸ್‌ನಲ್ಲೇ ಉಳಿದ, ಶೋಹೇ ಒಟಾನಿ 2023ರಲ್ಲಿ ಡಾಡ್ಜರ್ಸ್ ಸೇರಿದ. ಕರೆದರೆ ಬಾರದವರನ್ನು ಟ್ರೇಡ್ ಮಾಡಿಯೇ ತರಬೇಕು. ತಪ್ಪು ಎನ್ನುವವರು ಬೆರಳು ತೋರಿಸುವುದು ಹ್ಯಾರಿಸನ್ ಕಡೆಗೆ: 23 ವರ್ಷದ ಎಡಗೈ ಪಿಚರ್, ಅದೂ ಮನೆಯ ಹುಡುಗ. ನನ್ನ ಎಣಿಕೆಯಲ್ಲಿ ಆಟದ ಲೆಕ್ಕಕ್ಕೆ ಜೈಂಟ್ಸ್ ಮಾಡಿದ್ದು ಸರಿ. ಡೆವರ್ಸ್ ಆ ವರ್ಷ ಎರಡೂ ತಂಡ ಸೇರಿ 35 ಹೋಮ್ ರನ್ ಹೊಡೆದ, ಅದರಲ್ಲಿ 20 ಇಲ್ಲಿಗೆ ಬಂದ ಮೇಲೆ. ಆದರೂ ತಂಡ 81 ಗೆದ್ದು 81 ಸೋತು ಮನೆಗೆ ಹೋಯಿತು, ಬಾಸ್ಟನ್ ಪ್ಲೇ ಆಫ್ ಸೇರಿತು! ಟಿಬ್ಸ್‌ನ ಕಥೆಯಂತೂ ಇನ್ನೂ ವಿಚಿತ್ರ. ಆರು ವಾರಗಳಲ್ಲಿ ಬಾಸ್ಟನ್ ಅವನನ್ನು ಮತ್ತೆ ಟ್ರೇಡ್ ಮಾಡಿತು. ಯಾರಿಗೆ? ಡಾಡ್ಜರ್ಸ್‌ಗೆ.

ಅಷ್ಟು ದೊಡ್ಡ ಬ್ಯಾಟ್ಸ್‌ಮನ್ನನ್ನು ಬಾಸ್ಟನ್ ಕೈಬಿಟ್ಟದ್ದಾದರೂ ಯಾಕೆ? ಎರಡನೇ ಜಗಳ ಇಲ್ಲಿದೆ. ಡೆವರ್ಸ್ ವರ್ಷಗಟ್ಟಲೆ ನಿಲ್ಲುತ್ತಿದ್ದುದು ಥರ್ಡ್ ಬೇಸ್‌ನಲ್ಲಿ. 2025ರ ಫೆಬ್ರವರಿಯಲ್ಲಿ ಬಾಸ್ಟನ್, ಅಲೆಕ್ಸ್ ಬ್ರೆಗ್‌ಮನ್ ಎಂಬ ಇನ್ನೂ ಒಳ್ಳೆಯ ಥರ್ಡ್ ಬೇಸ್‌ಮನ್ನನ್ನು ತಂದಿತು. 'ಇದು ನನ್ನ ಜಾಗ' ಎಂದು ಡೆವರ್ಸ್ ಮೊದಲು ಸೆಟೆದುಕೊಂಡ, ಆಮೇಲೆ ಒಪ್ಪಿ ಡಿಎಚ್ ಆದ. ಡಿಎಚ್ ಅಂದರೆ ಡೆಸಿಗ್ನೇಟೆಡ್ ಹಿಟ್ಟರ್, ಬ್ಯಾಟಿಂಗ್ ಮಾತ್ರ, ಫೀಲ್ಡಿಂಗ್ ಇಲ್ಲ. ಐಪಿಎಲ್‌ನ ಇಂಪ್ಯಾಕ್ಟ್ ಪ್ಲೇಯರ್‌ನ ದೂರದ ನೆಂಟ ಅನ್ನಿ. ಮೇ ತಿಂಗಳಲ್ಲಿ ಫಸ್ಟ್ ಬೇಸ್‌ಮನ್ ಟ್ರಿಸ್ಟನ್ ಕಾಸಾಸ್ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಇಡೀ ಋತುವಿಗೆ ಹೊರಬಿದ್ದ. ಈಗ ಫಸ್ಟ್ ಬೇಸ್‌ಗೆ ಹೋಗು ಎಂದರು ತಂಡದವರು. ಇವನು ಆಗುವುದಿಲ್ಲ ಎಂದ. ಅದೂ ಪತ್ರಕರ್ತರ ಎದುರಿಗೇ! ತಂಡದ ಮಾಲೀಕರು ಕ್ಯಾನ್ಸಾಸ್ ಸಿಟಿಗೆ ವಿಮಾನ ಹಿಡಿದು ಬಂದು ಮಾತಾಡಿಸಿ ಹೋದರು. ತಿಂಗಳ ನಂತರ ಟ್ರೇಡ್.

ಕನ್ನಡಿಗರಿಗೆ ಈ ಕಥೆ ಕೇಳಿದ ತಕ್ಷಣ ನೆನಪಾಗುವ ಮುಖ ಒಂದೇ. ದ್ರಾವಿಡ್! ಒಬ್ಬ ಬ್ಯಾಟ್ಸ್‌ಮನ್ ಹೆಚ್ಚಿಗೆ ಬೇಕು, ನೀನೇ ಕೀಪಿಂಗ್ ಗ್ಲೌಸ್ ಹಾಕಿಕೋ ಎಂದರು, ಹಾಕಿಕೊಂಡರು. 2003ರ ವಿಶ್ವಕಪ್ಪಿನಲ್ಲಿ ಫೈನಲ್ ತನಕ ವಿಕೆಟ್ ಹಿಂದೆ ಕೂತೆದ್ದು, ಮತ್ತೆ ಬ್ಯಾಟಿಂಗೂ ಮಾಡಿದರು. ಕೆ.ಎಲ್. ರಾಹುಲ್ ಕೂಡ ಅದೇ ದಾರಿ. 2023ರ ವಿಶ್ವಕಪ್ಪಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ಚೆನ್ನೈನ ಸೆಕೆಯಲ್ಲಿ ಇಡೀ ಇನಿಂಗ್ಸ್ ಕೀಪಿಂಗ್ ಮಾಡಿ, ಸ್ನಾನ ಮಾಡಿ ಉಸಿರು ಬಿಡುವಷ್ಟರಲ್ಲಿ ಕ್ರೀಸಿಗೆ ಬಂದು 97 ನಾಟೌಟ್. ಹಾಗಾಗಿ ನಮ್ಮ ಕಡೆಯ ಅಪ್ಪಂದಿರ ತೀರ್ಪು ಸಲೀಸು: ಡೆವರ್ಸ್‌ಗೆ ಸೊಕ್ಕು.

ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ದ್ರಾವಿಡ್ ಚಿಕ್ಕಂದಿನಲ್ಲಿ ಕೀಪಿಂಗ್ ಮಾಡಿಯೇ ಬೆಳೆದವರು. ಡೆವರ್ಸ್‌ಗೆ ಫಸ್ಟ್ ಬೇಸ್ ಹೊಸ ಭಾಷೆ. ಇನ್‌ಫೀಲ್ಡ್‌ನಲ್ಲಿ ಚೆಂಡು ಎಲ್ಲಿಗೇ ಹೋಗಲಿ, ಎಸೆತ ಬಂದು ಬೀಳುವುದು ಹೆಚ್ಚಾಗಿ ಫಸ್ಟ್ ಬೇಸ್‌ಗೇ. ಒಂದು ಕಾಲು ಬೇಸ್ ಮೇಲಿರಬೇಕು, ಮೈ ಚಾಚಬೇಕು, ನೆಲಕ್ಕೆ ಪುಟಿದು ಬರುವ ಕೆಟ್ಟ ಎಸೆತವನ್ನೂ ಹಿಡಿಯಬೇಕು, ಓಡಿ ಬರುತ್ತಿರುವವನ ಕಾಲಿಗೆ ಸಿಗಬಾರದು. ದಪ್ಪಗಿರುವವನನ್ನು, ವಯಸ್ಸಾದವನನ್ನು ಅಲ್ಲಿ ನಿಲ್ಲಿಸಿದರಾಯಿತು ಎನ್ನುವ ನಂಬಿಕೆ ಹಳೆಯದು, ಅಷ್ಟೇನೂ ಸರಿಯಲ್ಲದ್ದು. ಋತುವಿನ ನಡುವೆ ಹೊಸ ಜಾಗಕ್ಕೆ ಹೋಗಿ ಎಡವಿದರೆ ನಗುವುದು ಇಡೀ ದೇಶ. ಅವನು ಹೇಳಿದ ರೀತಿ ಸರಿಯಿರಲಿಲ್ಲ, ಆದರೆ ಹೇಳಿದ ವಿಷಯದಲ್ಲಿ ಅರ್ಥವಿತ್ತು. (ಇನ್ನೊಂದು ತಮಾಷೆ. ಮೇ ಕೊನೆಯಲ್ಲಿ ಬ್ರೆಗ್‌ಮನ್ ಕೂಡ ಗಾಯಗೊಂಡು ಥರ್ಡ್ ಬೇಸ್ ಖಾಲಿಯಾಯಿತು. ಹಳೆಯ ಯಜಮಾನನನ್ನು ಅಲ್ಲಿಗೆ ವಾಪಸ್ ಕರೆಯಲೇ ಇಲ್ಲ!)

ಫಸ್ಟ್ ಬೇಸ್ ಕಲಿಯುವ ಕಷ್ಟ ಗೊತ್ತಾಗಬೇಕಾದರೆ ಬೇ ಬ್ರಿಜ್ ದಾಟಿ ಆಕ್ಲೆಂಡ್‌ಗೆ ಹೋಗಬೇಕು. 2002ರಲ್ಲಿ ಅಲ್ಲಿನ ಎ'ಸ್ ತಂಡದ ಬಿಲ್ಲಿ ಬೀನ್, ಮೊಣಕೈ ನರಕ್ಕೆ ಏಟಾಗಿ ಇನ್ನು ಕ್ಯಾಚರ್ ಆಗಿ ಎಸೆಯಲಾರದ ಸ್ಕಾಟ್ ಹ್ಯಾಟೆಬರ್ಗ್‌ನನ್ನು ಅಗ್ಗಕ್ಕೆ ತಂದು ಫಸ್ಟ್ ಬೇಸ್‌ನಲ್ಲಿ ನಿಲ್ಲಿಸಿದರು. ಆತ ಹೊಡೆದದ್ದಕ್ಕಿಂತ ಹೆಚ್ಚಾಗಿ, ಔಟಾಗದೆ ಬೇಸ್ ತಲುಪುತ್ತಿದ್ದುದೇ ಅವರಿಗೆ ಬೇಕಿತ್ತು. ಆ ವರ್ಷ ಸೆಪ್ಟೆಂಬರ್ 4ರಂದು ಎ'ಸ್ 11-0 ಮುಂದಿದ್ದು, ಎಲ್ಲ ಕಳೆದುಕೊಂಡು 11-11 ಆಗಿ, ಕೊನೆಗೆ ಹ್ಯಾಟೆಬರ್ಗ್ ಹೋಮ್ ರನ್ ಹೊಡೆದು ಸತತ 20ನೇ ಗೆಲುವು ತಂದದ್ದು 'ಮನಿಬಾಲ್' ಸಿನಿಮಾ ನೋಡಿದವರಿಗೆಲ್ಲ ಗೊತ್ತು. ಆ ಎ'ಸ್ ಈಗ ಆಕ್ಲೆಂಡ್‌ನಲ್ಲಿಲ್ಲ. 2024ರ ಸೆಪ್ಟೆಂಬರ್ 26ರಂದು ಕೊಲಿಸಿಯಂನಲ್ಲಿ ಕೊನೆಯ ಆಟ ಆಡಿ ಹೊರಟರು. 2025ರಿಂದ ವೆಸ್ಟ್ ಸ್ಯಾಕ್ರಮೆಂಟೊದ ಸಣ್ಣ ಮೈದಾನದಲ್ಲಿ ಬಿಡಾರ, ಮುಂದೆ ಲಾಸ್ ವೇಗಸ್. ಅಗ್ಗದ ಟಿಕೆಟ್ಟಿಗೆ ಬಾರ್ಟ್ ಹತ್ತಿ ಇಡೀ ಕುಟುಂಬ ಹೋಗಿ ಬರುತ್ತಿದ್ದ ಫ್ರೀಮಾಂಟ್ ಕಡೆಯ ಮನೆಗಳಿಗೆ ಆದ ನಷ್ಟ ಯಾವ ಅಂಕಿಅಂಶದಲ್ಲೂ ಬರುವುದಿಲ್ಲ. ಆಟಗಾರನ ಟ್ರೇಡ್ ಬಿಡಿ, ಇಲ್ಲಿ ಊರನ್ನೇ ಟ್ರೇಡ್ ಮಾಡಿದರು.

ಸರಿ, ಡೆವರ್ಸ್ ಕಡೆಗೆ ಬರೋಣ. ಇಲ್ಲಿಗೆ ಬಂದವನೇ, ಎಲ್ಲಿ ಬೇಕಾದರೂ ನಿಲ್ಲುತ್ತೇನೆ ಎಂದ. ಕೆಲವು ವಾರ ಅಭ್ಯಾಸ ಮಾಡಿ ಜುಲೈನಲ್ಲಿ ಫಸ್ಟ್ ಬೇಸ್‌ನಲ್ಲಿ ನಿಂತೂ ಬಿಟ್ಟ! ಬಾಸ್ಟನ್ ಅಭಿಮಾನಿಗಳ ಹೊಟ್ಟೆ ಎಷ್ಟು ಉರಿದಿರಬೇಡ. ಕೇಳಿದವರು ಬೇರೆ, ಕೇಳಿದ ರೀತಿಯೂ ಬೇರೆ ಇರಬೇಕು. ಇಲ್ಲಿ ಕೇಳಿದವರು ಬಸ್ಟರ್ ಪೋಸಿ. 2024ರ ಸೆಪ್ಟೆಂಬರ್ ಕೊನೆಯಿಂದ ಜೈಂಟ್ಸ್‌ನ ಬೇಸ್‌ಬಾಲ್ ವಿಭಾಗದ ಅಧ್ಯಕ್ಷರು. ಜಾಗ ಬದಲಿಸುವುದರ ಬಗ್ಗೆ ಮಾತಾಡಲು ಅವರಿಗಿಂತ ಹಕ್ಕುಳ್ಳವರು ಸಿಗುವುದು ಕಷ್ಟ. ಕಾಲೇಜು ಸೇರಿದ್ದು ಶಾರ್ಟ್‌ಸ್ಟಾಪ್ ಆಗಿ, ಅಲ್ಲಿ ಕ್ಯಾಚರ್ ಮಾಡಿದರು. 2008ರಲ್ಲಿ ಕಾಲೇಜಿನ ಒಂದೇ ಆಟದಲ್ಲಿ ಒಂಬತ್ತೂ ಜಾಗಗಳಲ್ಲಿ ನಿಂತು ಗ್ರ್ಯಾಂಡ್ ಸ್ಲ್ಯಾಮ್ ಕೂಡ ಹೊಡೆದರು. 2010ರ ಮೇ ಕೊನೆಯಲ್ಲಿ ಜೈಂಟ್ಸ್ ಕರೆಸಿಕೊಂಡಾಗ ಅವರನ್ನು ನಿಲ್ಲಿಸಿದ್ದು... ಹೌದು, ಫಸ್ಟ್ ಬೇಸ್‌ನಲ್ಲಿ! ಕ್ಯಾಚರ್ ಜಾಗದಲ್ಲಿ ಹಿರಿಯ ಬೆಂಜಿ ಮೊಲೀನಾ ಇದ್ದ. ಒಂದು ತಿಂಗಳ ನಂತರ ಮೊಲೀನಾನನ್ನು ಟೆಕ್ಸಸ್‌ಗೆ ಟ್ರೇಡ್ ಮಾಡಿ ಪೋಸಿಗೆ ದಾರಿ ಮಾಡಿಕೊಟ್ಟರು. ಅದೇ ವರ್ಷದ ವರ್ಲ್ಡ್ ಸೀರೀಸ್‌ನಲ್ಲಿ ಜೈಂಟ್ಸ್ ಸೋಲಿಸಿದ್ದು ಟೆಕ್ಸಸ್ ತಂಡವನ್ನೇ.

ಮರುವರ್ಷ ಮೇ 25ರಂದು ಹೋಮ್ ಪ್ಲೇಟಿನ ಬಳಿ ಓಡಿಬಂದವನೊಬ್ಬ ಡಿಕ್ಕಿ ಹೊಡೆದು ಪೋಸಿಯ ಕಾಲು ಮುರಿಯಿತು. ಅಲ್ಲಿಂದ ಶುರುವಾದ ಜಗಳ ಅವರು 2021ರಲ್ಲಿ ನಿವೃತ್ತರಾಗುವ ತನಕ ನಡೆಯಿತು. ಇಂಥ ಬ್ಯಾಟ್ಸ್‌ಮನ್ನನ್ನು ಕ್ಯಾಚರ್ ಮಾಡಿ ಮಂಡಿ ಸವೆಸುವುದೇಕೆ, ಫಸ್ಟ್ ಬೇಸ್‌ಗೆ ಕಳಿಸಿ ಅಂತ ಒಂದು ಗುಂಪು. ಪಿಚರ್‌ಗಳನ್ನು ನಡೆಸುವ ತಲೆ ಬೇರೆ ಯಾರಿಗಿದೆ ಅಂತ ಇನ್ನೊಂದು. ಹಾಗೆ ಡಿಕ್ಕಿ ಹೊಡೆಯುವುದನ್ನು 2014ರಲ್ಲಿ ನಿಯಮ ಮಾಡಿಯೇ ತಡೆದರು, ಜನ ಅದಕ್ಕೆ ಪೋಸಿಯ ಹೆಸರನ್ನೇ ಇಟ್ಟಿದ್ದಾರೆ.

ಮೂರನೇ ಜಗಳ ದುಡ್ಡಿನದು. ನಮ್ಮಂಥ ಮನೆಗಳಿಗೆ ಹೆಚ್ಚು ತಟ್ಟುವುದೂ ಇದೇ. ಡ್ರಾಫ್ಟ್ ಎಂದರೆ ಐಪಿಎಲ್ ಹರಾಜಿನ ತದ್ವಿರುದ್ಧ. ಹರಾಜಿನಲ್ಲಿ ಹತ್ತು ತಂಡ ಕೂಗುತ್ತವೆ, ಬೆಲೆ ಏರುತ್ತದೆ. ಡ್ರಾಫ್ಟ್‌ನಲ್ಲಿ ತಂಡಗಳು ಸರದಿಯಂತೆ ಒಬ್ಬೊಬ್ಬರನ್ನು ಆರಿಸುತ್ತವೆ. ಆರಿಸಿದ ಮೇಲೆ ಆ ಹುಡುಗ ಮಾತಾಡಬಹುದಾದ್ದು ಆ ಒಂದು ತಂಡದ ಜೊತೆ ಮಾತ್ರ. ಮೊದಲು ಬೋನಸ್‌ಗೆ ಗಟ್ಟಿ ಮಿತಿ ಇರಲಿಲ್ಲ. ಪೋಸಿ 2008ರಲ್ಲಿ ಐದನೆಯವರಾಗಿ ಆಯ್ಕೆಯಾದರೂ 62 ಲಕ್ಷ ಡಾಲರ್ ಪಡೆದರು, ಮೊದಲನೆಯವನಿಗಿಂತ ಹೆಚ್ಚು! 2012ರಿಂದ ಬೇಲಿ ಬಂತು. ಮೊದಲ ಹತ್ತು ಸುತ್ತುಗಳ ಪ್ರತಿ ಆಯ್ಕೆಗೂ ಒಂದು ದರ. ಆ ದರಗಳ ಮೊತ್ತವೇ ತಂಡದ ಥೈಲಿ. ಅದನ್ನು ಮೀರಿದರೆ ಮೀರಿದ್ದರ ಮೇಲೆ ಶೇಕಡಾ 75 ತೆರಿಗೆ. ಶೇಕಡಾ 5ಕ್ಕಿಂತ ಹೆಚ್ಚು ಮೀರಿದರೆ ಮುಂದಿನ ಮೊದಲ ಸುತ್ತಿನ ಆಯ್ಕೆಯೇ ಹೋಯಿತು. ತೆರಿಗೆ ಕಟ್ಟಿದವರು ಬಹಳ ಮಂದಿ, ಆ ಐದರ ಗೆರೆಯನ್ನು ಮಾತ್ರ 2025ರ ತನಕ ಯಾರೂ ದಾಟಿಲ್ಲ.

ಆದರೆ ಥೈಲಿಯೊಳಗೆ ಹೇಗೆ ಬೇಕಾದರೂ ಹಂಚಬಹುದು. ಅದನ್ನು ಮೊದಲ ವರ್ಷವೇ ತೋರಿಸಿದ್ದು ಹ್ಯೂಸ್ಟನ್. 72 ಲಕ್ಷದ ದರವಿದ್ದ ಮೊದಲ ಆಯ್ಕೆಯಲ್ಲಿ ಕಾರ್ಲೊಸ್ ಕೊರೆಯಾನನ್ನು 48 ಲಕ್ಷಕ್ಕೆ ಒಪ್ಪಿಸಿ, ಉಳಿದದ್ದರ ಬಲದಿಂದ 41ನೆಯವನಾಗಿ ಸಿಕ್ಕ ಲ್ಯಾನ್ಸ್ ಮೆಕಲರ್ಸ್‌ಗೆ 25 ಲಕ್ಷ ಕೊಟ್ಟು ಕಾಲೇಜಿನಿಂದ ಬಿಡಿಸಿಕೊಂಡರು. (ಇದೇ ಕೊರೆಯಾ 2022ರ ಡಿಸೆಂಬರಿನಲ್ಲಿ 35 ಕೋಟಿ ಡಾಲರ್‌ಗೆ ಜೈಂಟ್ಸ್ ಸೇರುವವನಿದ್ದ. ವೈದ್ಯಕೀಯ ಪರೀಕ್ಷೆಯಲ್ಲಿ ಕಾಲಿನ ಹಳೆಯ ಗಾಯ ಕಂಡು ಮದುವೆ ಮುರಿಯಿತು.) ಜೈಂಟ್ಸ್ ಕೂಡ 2020ರಲ್ಲಿ ಇದನ್ನೇ ಮಾಡಿದರು. ಮೊದಲ ಸುತ್ತಿನಲ್ಲಿ ಕ್ಯಾಚರ್ ಪ್ಯಾಟ್ರಿಕ್ ಬೇಲಿಗೆ ದರಕ್ಕಿಂತ ಸುಮಾರು 4 ಲಕ್ಷ ಕಡಿಮೆ ಕೊಟ್ಟರು, ಎರಡನೇ ಸುತ್ತಿನಲ್ಲೂ ಉಳಿಸಿದರು. ಮೂರನೇ ಸುತ್ತಿನಲ್ಲಿ, 85ನೆಯವನಾಗಿ, ಸುಮಾರು 7 ಲಕ್ಷ ದರದ ಜಾಗದಲ್ಲಿ ಒಬ್ಬ ಹೈಸ್ಕೂಲ್ ಹುಡುಗನಿಗೆ ಸುಮಾರು 25 ಲಕ್ಷ ಡಾಲರ್ ಕೊಟ್ಟರು. ಯುಸಿಎಲ್‌ಎಗೆ ಹೋಗುವುದೆಂದು ನಿಶ್ಚಯವಾಗಿದ್ದ ಆ ಹುಡುಗನೇ ಕೈಲ್ ಹ್ಯಾರಿಸನ್.

ನಿಮ್ಮ ಮನೆಯಲ್ಲಾದರೆ ಏನು ಹೇಳುತ್ತಿದ್ದಿರಿ? ಯುಸಿಎಲ್‌ಎ ಸೀಟು ಒಂದು ಕೈಯಲ್ಲಿ, 25 ಲಕ್ಷ ಇನ್ನೊಂದು ಕೈಯಲ್ಲಿ. 'ಓದು ಮುಗಿಸು ಮಗಾ, ಆಮೇಲೆ ನೋಡೋಣ' ಎನ್ನುವುದು ನಮ್ಮ ರಕ್ತದಲ್ಲಿದೆ. ಆದರೆ ನಾಲ್ಕು ವರ್ಷದ ಕಾಲೇಜು ಸೇರಿದವನು ಮೂರನೇ ವರ್ಷ ಮುಗಿಯುವ ತನಕ, ಇಲ್ಲವೇ 21 ತುಂಬುವ ತನಕ ಮತ್ತೆ ಡ್ರಾಫ್ಟ್‌ಗೆ ಬರುವಂತಿಲ್ಲ. ಪಿಚರ್‌ನ ಮೊಣಕೈ, ಭುಜ ಅಲ್ಲಿಯ ತನಕ ಬಾಳುತ್ತದೆಂದು ಯಾರು ಬರೆದುಕೊಡುತ್ತಾರೆ? ತಾಯಿಯ ಕಡೆಯಿಂದ ಭಾರತೀಯ ಮೂಲದ ಕುಮಾರ್ ರಾಕರ್‌ನನ್ನೇ ನೋಡಿ. 2021ರಲ್ಲಿ ನ್ಯೂಯಾರ್ಕ್ ಮೆಟ್ಸ್ ಹತ್ತನೆಯವನಾಗಿ ಆರಿಸಿ 60 ಲಕ್ಷಕ್ಕೆ ಮಾತಾಯಿತು. ವೈದ್ಯಕೀಯ ವರದಿ ನೋಡಿ ಮೆಟ್ಸ್ ಹಿಂದೆ ಸರಿಯಿತು. ಆ ಹುಡುಗನಿಗೆ ಒಂದು ಕಾಸಿಲ್ಲ, ಆದರೆ ಮೆಟ್ಸ್‌ಗೆ ಪರಿಹಾರವಾಗಿ ಮರುವರ್ಷ 11ನೇ ಆಯ್ಕೆ! ನಿಯಮ ಯಾರನ್ನು ಕಾಪಾಡುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಭುಜಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ರಾಕರ್‌ನನ್ನು 2022ರಲ್ಲಿ ಟೆಕ್ಸಸ್ ಮೂರನೆಯವನಾಗಿ ಆರಿಸಿ 52 ಲಕ್ಷ ಕೊಟ್ಟಿತು. 2024ರ ಸೆಪ್ಟೆಂಬರಿನಲ್ಲಿ ಆತ ಮೇಜರ್ ಲೀಗ್‌ನಲ್ಲಿ ಮೊದಲ ಆಟ ಆಡಿದ.

ಚಿಕ್ಕ ತಂಡಗಳೂ ಬದುಕಲಿ ಎಂದು ಈ ಮಿತಿ ಎನ್ನುತ್ತಾರೆ. ಇರಬಹುದು. ಆದರೆ 31 ಕೋಟಿಯ ಕರಾರಿಗೆ ಮಿತಿ ಇಲ್ಲದ ಆಟದಲ್ಲಿ (ಲಕ್ಷುರಿ ಟ್ಯಾಕ್ಸ್ ಇದೆ, ಕಟ್ಟಿಬಿಟ್ಟರಾಯಿತು) ಹದಿನೆಂಟರ ಹುಡುಗನ ಬೋನಸ್ಸಿಗೆ ಮಾತ್ರ ಇಷ್ಟು ಬಿಗಿ ಬೇಲಿ ಯಾಕೆ? ಡ್ರಾಫ್ಟ್ ಆಗುವ ಹುಡುಗರು ಇನ್ನೂ ಆಟಗಾರರ ಯೂನಿಯನ್ನಿನ ಸದಸ್ಯರಲ್ಲ. ಅವರ ದುಡ್ಡಿನ ಬಗ್ಗೆ ಅವರಿಲ್ಲದ ಕೋಣೆಯಲ್ಲಿ ತೀರ್ಮಾನವಾಗುತ್ತದೆ. 2022ರಲ್ಲಿ ಆದ ಒಪ್ಪಂದ 2026ರ ಡಿಸೆಂಬರ್ 1ರ ತನಕ. ಸಂಬಳಕ್ಕೂ ಗಟ್ಟಿ ಮಿತಿ ಬೇಕೆಂಬ ಮಾಲೀಕರ ಬೇಡಿಕೆ ಅದಕ್ಕೆ ಮೊದಲೇ ಕೇಳಿಬರತೊಡಗಿತು.

ಕೊನೆಗೆ, ಮಕ್ಕಳು ನಿಜಕ್ಕೂ ಚೆನ್ನಾಗಿ ಆಡುತ್ತಿರುವ ಮನೆಗಳಿಗೆ ಒಂದೆರಡು ವಿಷಯ. ಡ್ರಾಫ್ಟ್ ಇರುವುದು ಅಮೆರಿಕ, ಕೆನಡಾ, ಪೋರ್ಟೊ ರಿಕೊ ನಿವಾಸಿಗಳಿಗೆ. ಫ್ರೀಮಾಂಟ್‌ನ ಹುಡುಗ ಡ್ರಾಫ್ಟ್‌ಗೆ ಕಾಯಬೇಕು. ಜಯನಗರದಲ್ಲಿರುವ ಅವನ ಸೋದರಮಾವನ ಮಗ 'ಅಂತರರಾಷ್ಟ್ರೀಯ' ಲೆಕ್ಕದಲ್ಲಿ ಯಾವ ತಂಡದ ಜೊತೆಗಾದರೂ ಮಾತಾಡಬಹುದು. ಡೆವರ್ಸ್ ಹಾಗೆಯೇ 2013ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಡೊಮಿನಿಕನ್ ರಿಪಬ್ಲಿಕ್‌ನಿಂದ 15 ಲಕ್ಷಕ್ಕೆ ಬಂದವನು. ಆ ಬಾಗಿಲಿಗೂ ಈಗ ದುಡ್ಡಿನ ಮಿತಿ ಇದೆ. ಕಾಲೇಜು ಬೇಸ್‌ಬಾಲ್‌ನಲ್ಲಿ ಒಂದು ತಂಡಕ್ಕೆಲ್ಲ ಸೇರಿ 11.7 ಸ್ಕಾಲರ್‌ಶಿಪ್ ಎಂಬ ಹಳೆಯ ಲೆಕ್ಕ 2025ರ ಕೋರ್ಟ್ ಒಪ್ಪಂದದಿಂದ ಹೋಗಿದೆ. ಒಪ್ಪಂದಕ್ಕೆ ಸೇರಿದ ಕಾಲೇಜುಗಳು 34 ಮಂದಿಗೂ ಕೊಡಬಹುದು, ಎಷ್ಟು ಕಾಲೇಜು ಕೊಡುತ್ತವೆ ಎನ್ನುವುದು ಬೇರೆ ಮಾತು, ಕೋಚ್‌ಗಳನ್ನು ನೇರವಾಗಿ ಕೇಳಿ. ಇನ್ನು ಹೈಸ್ಕೂಲಿನಿಂದಲೇ ಸಹಿ ಹಾಕುವುದಾದರೆ ಬೋನಸ್ ಜೊತೆ ಕಾಲೇಜು ಫೀಸನ್ನೂ ಕರಾರಿನಲ್ಲಿ ಬರೆಸಿಕೊಳ್ಳುವ ಅವಕಾಶವಿದೆ. ಆಟ ಬಿಟ್ಟ ಎರಡು ವರ್ಷದೊಳಗೆ ತರಗತಿಗೆ ಸೇರಿರಬೇಕು, ಇಲ್ಲದಿದ್ದರೆ ಆ ಹಣ ಬರುವುದಿಲ್ಲ.